ತೂಕದ ಪುಸ್ತಕದಿಂದ ಅರಳು ಮರಳಿನವರೆಗೆ

ಕನ್ನಡಿಗರ ಮನೋವಿಕಾಸದ ಅಧ್ಯಯನಕ್ಕೊಂದು ಹುಟ್ಟಿದ ವರ್ಷ ಗೊತ್ತುಮಾಡಬೇಕೆಂದರೆ ನಾನು 1934ನ್ನು ಆರಿಸುತ್ತೇನೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ 1924ರಲ್ಲೇ ಶುರುವಾಗಿತ್ತು ನಿಜ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿಗೆ ಒಗ್ಗಿಸುವ ಕೆಲಸವನ್ನೂ ಮಾಡಿದರು. ಆದರೆ 1934ರಲ್ಲಿ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲದ ಎರಡು ಕೆಲಸ ಕೂಡಿಬಂದವು. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಬಿನೆಯ ಬುದ್ಧಿಪರೀಕ್ಷೆಯನ್ನು ತಿದ್ದಿ ರೂಪಿಸಿದ ವಿವರವನ್ನು ವಿ. ವಿ. ಕಾಮತ್ ಪ್ರಕಟಿಸಿದರು. ಇಂದಿಗೂ ಬಳಕೆಯಲ್ಲಿರುವ ‘ಬಿನೆ–ಕಾಮತ್ ಪರೀಕ್ಷೆ’ ಅದೇ. ಇನ್ನೊಂದು, ಮೈಸೂರಿನ ಜನ ಮಿಷನ್ ಆಸ್ಪತ್ರೆಯೆನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆ ದಾಖಲೆ. ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಆ ವರ್ಷದಿಂದ ಅಲ್ಲಿ ಸಾಲುಸಾಲಾಗಿ ಸಿಗುತ್ತವೆ.

ಕಾಮತರದು ಉದ್ದೇಶವಿಟ್ಟು ಮಾಡಿದ ಸಂಶೋಧನೆ. ಆಸ್ಪತ್ರೆಯದು ದಿನದ ಲೆಕ್ಕ. ತಕ್ಕಡಿಯ ಮುಂದೆ ನಿಂತ ನರ್ಸಮ್ಮನಿಗೆ ಆ ಅಂಕಿ ಅರವತ್ತು ವರ್ಷದ ಮೇಲೆ ಯಾರಿಗೋ ಬೇಕಾದೀತೆಂಬ ಕಲ್ಪನೆ ಇದ್ದಿರಲಾರದು. ಚರಿತ್ರೆಯಲ್ಲಿ ಇಂಥ ಉದ್ದೇಶವಿಲ್ಲದ ದಾಖಲೆಗಳ ಮೇಲೆಯೇ ನನಗೆ ಹೆಚ್ಚು ಭರವಸೆ. ಏನನ್ನೋ ಸಾಧಿಸಿ ತೋರಿಸುವ ಆತುರ ಅವಕ್ಕಿರುವುದಿಲ್ಲ.

ಬಸುರಿನಲ್ಲಿ ಮಗು ಬೆಳೆದ ಬಗೆಗೂ ದೊಡ್ಡವರಾದ ಮೇಲಿನ ಹೃದ್ರೋಗಕ್ಕೂ ನಂಟುಂಟೆಂದು ಇಂಗ್ಲೆಂಡಿನ ಸೌತಾಂಪ್ಟನ್‌ನ ಡೇವಿಡ್ ಬಾರ್ಕರ್ ವಾದಿಸುತ್ತಿದ್ದ ಕಾಲದಲ್ಲಿ ಆಸ್ಪತ್ರೆಯ ಈ ಹೆರಿಗೆ ಪುಸ್ತಕಗಳಿಗೆ ಬೆಲೆ ಬಂತು. ಕ್ಯಾರೊಲಿನ್ ಫಾಲ್ ಅವರ ತಂಡ ಆಸ್ಪತ್ರೆಯ ಸುತ್ತಲ ಬೀದಿಗಳಲ್ಲಿ ಮನೆಮನೆ ತಿರುಗಿ, ಅಲ್ಲಿಯೇ ಹುಟ್ಟಿದವರನ್ನು ಹುಡುಕಿ ಹಳೆಯ ದಾಖಲೆಗೆ ತಾಳೆಹಾಕಿತು. 1934ರಿಂದ 1954ರೊಳಗೆ ಹುಟ್ಟಿದ 517 ಜನರ ಅಧ್ಯಯನ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅಲ್ಲಿ ಕೇಳಿದ್ದು ಎದೆಯ ಮಾತು. ಮನಸ್ಸಿನ ಸರದಿ ಇನ್ನೂ ಬಂದಿರಲಿಲ್ಲ.

ಅದು ಬಂದದ್ದು ಮಕ್ಕಳ ಮೂಲಕ. 1997–98ರಲ್ಲಿ ಅದೇ ಆಸ್ಪತ್ರೆಗೆ ತೋರಿಸಿಕೊಳ್ಳಲು ಬರುತ್ತಿದ್ದ 830 ಗರ್ಭಿಣಿಯರು ‘ಪಾರ್ಥೆನಾನ್’ ಎಂಬ ಅಧ್ಯಯನಕ್ಕೆ ಸೇರಿದರು. ಆ ಮಕ್ಕಳಿಗೆ 9–10 ವರ್ಷ ತುಂಬಿದಾಗ ನೆನಪು, ಗಮನ, ಮಾತಿನ ಸರಾಗ ಮುಂತಾದವನ್ನು ಅಳೆದರು. ಬಸುರಿನಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದಷ್ಟೂ ಮಗುವಿನ ಅಂಕ ತುಸು ಮೇಲಿತ್ತು. ಫೋಲೇಟ್ ಸಿಗುವುದು ಸೊಪ್ಪಿನಲ್ಲಿ, ಬೇಳೆಕಾಳಿನಲ್ಲಿ. ಬಿ12ರಲ್ಲಿ ಅಂಥ ನಂಟು ಕಾಣಲಿಲ್ಲ. ಬಸುರಿನ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳು ಕೆಲವು ಪರೀಕ್ಷೆಗಳಲ್ಲಿ ಉಳಿದವರಿಗಿಂತ ಮುಂದಿದ್ದರು! ಅಂಥ ಮಕ್ಕಳು ಅಲ್ಲಿದ್ದದ್ದು ಬೆರಳೆಣಿಕೆಯಲ್ಲದಿದ್ದರೂ ಕೆಲವೇ ಡಜನ್ನು, ಹಾಗಾಗಿ ಇದನ್ನು ನಿಯಮವೆನ್ನಲು ನಾನು ಸಿದ್ಧನಿಲ್ಲ. ಆದರೆ ಎಣಿಸಿದ್ದಕ್ಕೆ ಅಡ್ಡಬಂದ ಫಲಿತಾಂಶವನ್ನು ಮುಚ್ಚಿಡದೆ ಅಚ್ಚುಹಾಕಿದ್ದು ಮೆಚ್ಚಬೇಕಾದ ಮಾತು.

ಆಮೇಲೆ ಸರದಿ ಮುದುಕರದು. 1934–66ರ ಹೆರಿಗೆ ದಾಖಲೆಗಳಲ್ಲಿ ಹೆಸರಿದ್ದವರಲ್ಲಿ 55ರಿಂದ 80ರ ವಯಸ್ಸಿನ 721 ಮಂದಿಯನ್ನು ಮುರಳಿ ಕೃಷ್ಣ ಮತ್ತು ಸಂಗಡಿಗರು ‘ಮೈನಾ’ ಎಂಬ ಅಧ್ಯಯನಕ್ಕಾಗಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಹೆಚ್ಚಿದ್ದವರ, ಮೈತುಂಬಿದ ತಾಯಂದಿರಿಗೆ ಹುಟ್ಟಿದವರ ಬುದ್ಧಿ ಇಳಿವಯಸ್ಸಿನಲ್ಲೂ ತುಸು ಚುರುಕಾಗಿತ್ತು. ಶಾಲೆಯ ಓದು, ಕೈಯಲ್ಲಿ ನಾಲ್ಕು ಕಾಸು ಇದ್ದದ್ದೂ ನೆರವಾಗಿತ್ತು. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುತ್ತದೆ. ಆ ಗೆರೆ ಕೆಲವರಿಗೆ ತೊಟ್ಟಿಲಲ್ಲೇ ಹತ್ತಿರ ಬಂದಿರುತ್ತದೆ, ಕೆಲವರಿಗೆ ಶಾಲೆ ಅದನ್ನು ದೂರ ತಳ್ಳಿರುತ್ತದೆ.

ಇದನ್ನೆಲ್ಲ ಇಂದಿನ ತೆಲಂಗಾಣದ ಗದ್ವಾಲ್, ಮಕ್ತಲ್, ನಾರಾಯಣಪೇಟೆಯ ಕನ್ನಡಿಗರಿಗೆ ಹಾಗೆಯೇ ಹೊಂದಿಸಬಹುದೆ? ಗದ್ವಾಲ್ 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯ ತಾಲೂಕು. ರಾಜ್ಯ ಪುನರ್ವಿಂಗಡಣೆಯಲ್ಲಿ ಅದೂ ಆಲಂಪುರವೂ ಆಗಿನ ಆಂಧ್ರ ಪ್ರದೇಶಕ್ಕೆ ಸೇರಿದವು. ಮೈಸೂರಿನ ಮಗು ತಕ್ಕಡಿ ಹತ್ತುತ್ತಿದ್ದ ಕಾಲಕ್ಕೆ ಈ ಕಡೆಯ ಹಳ್ಳಿಗಳಲ್ಲಿ ಕೂಸನ್ನು ಹಿಡಿಯುತ್ತಿದ್ದವಳು ಸೂಲಗಿತ್ತಿ. ತೂಕದ ಪ್ರಶ್ನೆಯೇ ಇರಲಿಲ್ಲ. ವಯಸ್ಸು ಕೇಳಿದರೆ “ರಜಾಕಾರರ ಗದ್ದಲದಾಗ ನಾನು ತೊಟ್ಟಿಲದಾಗಿದ್ದೆ” ಎಂಬ ಮಾದರಿಯ ಉತ್ತರ ಬರುತ್ತದೆ. 1948ಕ್ಕೆ ಹಿಂದೆಮುಂದೆ ಎಂದು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. ಮೈಸೂರಿನಲ್ಲಿ ಬಳಸಿದ್ದು ‘10/66’ ಎಂಬ ಅಂತರರಾಷ್ಟ್ರೀಯ ಮರೆವುರೋಗ ಸಂಶೋಧನಾ ಗುಂಪಿನ ಪದ್ಧತಿ. ಶಾಲೆ ಕಾಣದವರಿಗೂ ಸಲ್ಲಬೇಕೆಂದು ಮಾಡಿದ್ದು. ಹತ್ತು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಎಷ್ಟು ನೆನಪಿವೆಯೆಂದು ಕೇಳುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರೆಂದೂ ಕೇಳುತ್ತಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯ ಹಳೆಯ ಕಾಗದದಲ್ಲಿ ಉರ್ದು ಕಂಡ ಗದ್ವಾಲಿನ ಅಜ್ಜಿಯನ್ನು ಈ ಪ್ರಶ್ನೆಯ ಮುಂದೆ ಕೂರಿಸಿ ನೋಡಿ. ಎಮ್ಮೆ, ಆಡು, ನಾಯಿ ಎಂದು ಶುರುಮಾಡಿ, ನಡುವೆ ತಡೆದು ಮ್ಯಾಕ, ಕುಕ್ಕ, ಕುತ್ತಾ ಎಂದರೆ ನಿಮಿಷ ಮುಗಿಯುತ್ತದೆ. ಅವಳ ಬಾಯಿಂದ ಬಂದದ್ದು ಆರು ಹೆಸರು, ಹಟ್ಟಿಯಲ್ಲಿರುವುದು ಮೂರೇ ಪ್ರಾಣಿ. ಪ್ರಾಣಿಯ ಲೆಕ್ಕದಲ್ಲಿ ಹಾಳೆಯ ಮೇಲೆ 3 ಬೀಳುತ್ತದೆ, ಅಜ್ಜಿ ಮರೆವಿನವಳಾಗುತ್ತಾಳೆ.