‘ಇಂಟರ್‌ನ್ಯಾಷನಲ್ ಟೂರ್ನಿಗೆ ಆಯ್ಕೆ’ ಅಂದ್ರೆ ಏನು? ಶಿವಮೊಗ್ಗ-ಭದ್ರಾವತಿಯ ಫುಟ್‌ಬಾಲ್ ಮಕ್ಕಳಿಗೊಂದು ಕೈಪಿಡಿ

ಜಿಲ್ಲಾ ಪುಟಗಳಲ್ಲಿ, ವಾಟ್ಸಪ್ ಸ್ಟೇಟಸ್‌ಗಳಲ್ಲಿ ಒಂದು ಬಗೆಯ ಸುದ್ದಿ ಆಗಾಗ ಕಾಣಿಸುತ್ತೆ: ‘ನಮ್ಮೂರ ಕ್ಲಬ್‌ನ ಆಟಗಾರರು ಅಂತಾರಾಷ್ಟ್ರೀಯ ಯುವ ಫುಟ್‌ಬಾಲ್ ಟೂರ್ನಿಗೆ ಆಯ್ಕೆ’. ಫೋಟೋದಲ್ಲಿ ಜೆರ್ಸಿ ತೊಟ್ಟ ನಾಲ್ಕೈದು ಮಕ್ಕಳು, ಕೋಚ್, ಶಾಲು ಹೊದಿಸುತ್ತಿರುವ ಒಬ್ಬ ರಾಜಕಾರಣಿ. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಇಂಥ ಸುದ್ದಿ ಓದಿದರೆ ಯಾರಿಗಾದರೂ ಖುಷಿಯಾಗುತ್ತೆ. ಕ್ರಿಕೆಟ್ ಬಿಟ್ಟು ಬೇರೆ ಆಟದ ಮಕ್ಕಳು ಸುದ್ದಿಯಾಗೋದೇ ಅಪರೂಪ.

ಆದ್ರೆ ಇಂಥ ಸುದ್ದಿಗಳಲ್ಲಿ ಸಾಮಾನ್ಯವಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಇರೋದಿಲ್ಲ. ಆಯ್ಕೆ ಮಾಡಿದ್ದು ಯಾರು? ಖರ್ಚು ಯಾರದು? ವಾಪಸ್ ಬಂದ ಮೇಲೆ ಆ ಸರ್ಟಿಫಿಕೇಟ್ ಎಲ್ಲಿ ನಡೆಯುತ್ತೆ? ಈ ಮೂರೂ ಗೊತ್ತಿಲ್ಲದೆ ಸಾಲ ಮಾಡಿ ಮಗನನ್ನೋ ಮಗಳನ್ನೋ ಕಳಿಸೋದು ಹೆಚ್ಚಾಗಿ ಕೂಲಿ ಮಾಡುವ, ಆಟೋ ಓಡಿಸುವ ಮನೆಗಳು. ಹಾಗಾಗಿ ಈ ವ್ಯವಸ್ಥೆ ಹೇಗೆ ನಡೆಯುತ್ತೆ ಅನ್ನೋದನ್ನ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

‘ಅಂತಾರಾಷ್ಟ್ರೀಯ’ದಲ್ಲಿ ನಾಲ್ಕು ಬಗೆ

ಒಂದು, ದೇಶದ ತಂಡ. ಫಿಫಾ ಅಂಡರ್-17 ವಿಶ್ವಕಪ್, ಏಷ್ಯಾ ಒಕ್ಕೂಟವಾದ ಎಎಫ್‌ಸಿಯ ಅಂಡರ್-17 ಏಷ್ಯಾ ಕಪ್, ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಗಳು ಈ ಗುಂಪಿಗೆ ಸೇರುತ್ತವೆ. ಇಲ್ಲಿ ಆಯ್ಕೆ ಮಾಡೋದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಅಂದ್ರೆ ಎಐಎಫ್‌ಎಫ್. ಆಟಗಾರರ ಮನೆಯವರು ಹಣ ಕಟ್ಟೋ ಪ್ರಶ್ನೆಯೇ ಇಲ್ಲ. 2017ರಲ್ಲಿ ಅಂಡರ್-17 ವಿಶ್ವಕಪ್ ಭಾರತದಲ್ಲೇ ನಡೆಯಿತು. ಅಕ್ಟೋಬರ್ 9ರಂದು ದೆಹಲಿಯಲ್ಲಿ ಕೊಲಂಬಿಯಾ ವಿರುದ್ಧ ಮಣಿಪುರದ ಜೀಕ್ಸನ್ ಸಿಂಗ್ ಹೆಡ್ ಮಾಡಿ ಹೊಡೆದದ್ದು ಫಿಫಾ ವಿಶ್ವಕಪ್‌ಗಳಲ್ಲಿ ಭಾರತದ ಮೊದಲ ಗೋಲು. ಆ ಕಾರ್ನರ್ ಒದ್ದವನು ಬೆಂಗಳೂರಿನ ಸಂಜೀವ್ ಸ್ಟಾಲಿನ್. ಆ 21 ಜನರ ತಂಡದಲ್ಲಿ ಮಣಿಪುರದವರೇ 8 ಮಂದಿ ಇದ್ದರು. ಕರ್ನಾಟಕದಿಂದ ಸ್ಟಾಲಿನ್ ಮತ್ತು ಹೆಂಡ್ರಿ ಆಂಟನಿ. ಇಬ್ಬರೂ ಬೆಂಗಳೂರಿನವರು.

ಎರಡು, ಲೀಗ್‌ನಲ್ಲಿ ಗೆದ್ದು ಪಡೆದ ಜಾಗ. 2022ರಲ್ಲಿ ಗೋವಾದಲ್ಲಿ ಯುವ ಆಟಗಾರರಿಗಾಗಿ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ನಡೆಯಿತು. ಗೆದ್ದದ್ದು ಬೆಂಗಳೂರು ಎಫ್‌ಸಿ, ಎರಡನೇ ಸ್ಥಾನ ಕೇರಳ ಬ್ಲಾಸ್ಟರ್ಸ್‌ಗೆ. ಈ ಎರಡೂ ಕ್ಲಬ್‌ಗಳ ಹುಡುಗರು ಅದೇ ಜುಲೈನಲ್ಲಿ ಇಂಗ್ಲೆಂಡ್‌ಗೆ ಹೋಗಿ ನೆಕ್ಸ್ಟ್ ಜೆನ್ ಕಪ್ ಆಡಿದರು. ಇಲ್ಲಿ ‘ಆಯ್ಕೆ’ ಅಂದ್ರೆ ಪಾಯಿಂಟ್ಸ್ ಟೇಬಲ್‌ನಲ್ಲಿ ಗಳಿಸಿದ ಜಾಗ.

ಮೂರು, ಯಾರು ಬೇಕಾದರೂ ಹೆಸರು ನೋಂದಾಯಿಸಬಹುದಾದ ದೊಡ್ಡ ಟೂರ್ನಿಗಳು. ಸ್ವೀಡನ್‌ನ ಗೋಥಿಯಾ ಕಪ್ 1975ರಿಂದ ನಡೀತಿದೆ. ನಾರ್ವೆ ಕಪ್, ಡೆನ್ಮಾರ್ಕ್‌ನ ಡಾನಾ ಕಪ್ ಕೂಡ ಇದೇ ಬಗೆ. ಕ್ಲಬ್‌ಗಳು ಶುಲ್ಕ ಕಟ್ಟಿ ತಂಡ ಕಳಿಸುತ್ತವೆ. ಇವು ಅಸಲಿ ಟೂರ್ನಿಗಳು, ಮಕ್ಕಳು ಕಲಿಯೋದೂ ಬೇಕಾದಷ್ಟು. ಪಂಜಾಬ್‌ನ ಮಿನರ್ವಾ ಅಕಾಡೆಮಿ ಹುಡುಗರು 2023ರಲ್ಲೂ 2025ರಲ್ಲೂ ಗೋಥಿಯಾದಲ್ಲಿ ತಮ್ಮ ವಯಸ್ಸಿನ ವಿಭಾಗದ ಕಪ್ ಗೆದ್ದು ಬಂದರು. ಆದ್ರೆ ಇಂಥ ಕಡೆ ಆಡೋದನ್ನ ‘ಭಾರತವನ್ನು ಪ್ರತಿನಿಧಿಸಿದರು’ ಅಂತ ಬರೆಯೋದು ತಪ್ಪು. ಅವರು ಪ್ರತಿನಿಧಿಸೋದು ತಮ್ಮ ಕ್ಲಬ್ ಅನ್ನ. ಅದೂ ಹೆಮ್ಮೆಯ ವಿಷಯವೇ.

ನಾಲ್ಕು, ಹೆಸರಿಗೆ ಮಾತ್ರ ಅಂತಾರಾಷ್ಟ್ರೀಯ. ಹೆಸರಲ್ಲಿ ‘ಇಂಡಿಯಾ’, ‘ಫೆಡರೇಷನ್’, ‘ಯೂತ್’ ಅಂತ ಇರೋ, ಆದ್ರೆ ಎಐಎಫ್‌ಎಫ್‌ಗೆ ಸಂಬಂಧವೇ ಇಲ್ಲದ ಸಂಸ್ಥೆಗಳು ನಡೆಸುವ ಟೂರ್ನಿಗಳಿವು. ಟ್ರಯಲ್ಸ್‌ಗೂ ಶುಲ್ಕ, ಆಯ್ಕೆಯಾದ ಮೇಲೂ ಶುಲ್ಕ. ಇಂಥವಕ್ಕೆ ನೇಪಾಳ ಅನುಕೂಲದ ಜಾಗ, ಯಾಕಂದ್ರೆ ಭಾರತೀಯರಿಗೆ ಅಲ್ಲಿ ವೀಸಾ ಬೇಡ, ರೈಲು-ಬಸ್ಸಿನಲ್ಲೇ ಹೋಗಿಬರಬಹುದು. ಗಡಿ ದಾಟಿ ಆಡಿದ್ದು ನಿಜವೇ. ಆದ್ರೆ ಎದುರಾಳಿ ಯಾವ ತಂಡ, ಅದು ಯಾವ ದೇಶದ ಯಾವ ಲೀಗ್‌ನಲ್ಲಿ ಆಡುತ್ತೆ ಅಂತ ಕೇಳಿ ನೋಡಿ.

ಅನುಮತಿಯ ಸರಪಳಿ

ಫುಟ್‌ಬಾಲ್‌ನಲ್ಲಿ ಅಧಿಕಾರ ಒಂದು ಸರಪಳಿಯಲ್ಲಿ ಇಳಿದು ಬರುತ್ತೆ: ಫಿಫಾ, ಎಎಫ್‌ಸಿ, ಎಐಎಫ್‌ಎಫ್, ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಜಿಲ್ಲಾ ಸಂಸ್ಥೆ, ಕೊನೆಗೆ ನಿಮ್ಮೂರ ಕ್ಲಬ್. ಎರಡು ದೇಶಗಳ ತಂಡಗಳು ಅಧಿಕೃತವಾಗಿ ಆಡಬೇಕಂದ್ರೆ ಸಂಬಂಧಪಟ್ಟ ಸಂಸ್ಥೆಗಳ ಅನುಮತಿ ಬೇಕು ಅನ್ನೋದು ಫಿಫಾ ನಿಯಮ.

ಈ ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತೆ ಅನ್ನೋದನ್ನ 2022ರ ಆಗಸ್ಟ್‌ನಲ್ಲಿ ನೋಡಿದೆವು. ಎಐಎಫ್‌ಎಫ್ ಆಡಳಿತದ ಜಗಳದಿಂದಾಗಿ ಫಿಫಾ ಭಾರತವನ್ನು ಅಮಾನತು ಮಾಡಿತು. ಗೋಕುಲಂ ಕೇರಳದ ಮಹಿಳಾ ತಂಡ ಅಷ್ಟರಲ್ಲಿ ಏಷ್ಯಾದ ಕ್ಲಬ್ ಟೂರ್ನಿಗೆ ಅಂತ ತಾಷ್ಕೆಂಟ್ ತಲುಪಿಯಾಗಿತ್ತು. ಒಂದು ಪಂದ್ಯವನ್ನೂ ಆಡದೆ ಆ ಹೆಣ್ಮಕ್ಕಳು ವಾಪಸ್ ಬರಬೇಕಾಯಿತು. ದಿಲ್ಲಿಯ ಕುರ್ಚಿ ಗಲಾಟೆಗೆ ಬೆಲೆ ತೆತ್ತವರು ಆಟಗಾರ್ತಿಯರು. ಸಂಸ್ಥೆಗಳ ರಾಜಕೀಯ ನಮಗ್ಯಾಕೆ ಅನ್ನೋ ಯುವಕರಿಗೆ ನಾನು ಕೊಡೋ ಉದಾಹರಣೆ ಇದೇ.

ಸರ್ಟಿಫಿಕೇಟ್ ಎಲ್ಲಿ ನಡೆಯುತ್ತೆ?

ಭದ್ರಾವತಿಯಂಥ ಊರಲ್ಲಿ ಆಟ ಅಂದ್ರೆ ಕೆಲಸದ ಆಸೆಯೂ ಹೌದು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಗೆ ಸಿಬ್ಬಂದಿ ಇಲಾಖೆ ಪ್ರಮಾಣಪತ್ರದ ನಮೂನೆಗಳನ್ನ ಗೊತ್ತುಮಾಡಿದೆ. ದೇಶದ ಪರ ಆಡಿದ್ದರೆ ನಮೂನೆ 1, ಅದಕ್ಕೆ ರಾಷ್ಟ್ರೀಯ ಫೆಡರೇಷನ್ ಕಾರ್ಯದರ್ಶಿಯ ಸಹಿ. ರಾಷ್ಟ್ರೀಯ ಟೂರ್ನಿಯಲ್ಲಿ ರಾಜ್ಯದ ಪರ ಆಡಿದ್ದರೆ ನಮೂನೆ 2, ರಾಜ್ಯ ಸಂಸ್ಥೆಯ ಕಾರ್ಯದರ್ಶಿಯ ಸಹಿ. ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ನಮೂನೆ 3, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ನಮೂನೆ 4.

ಖಾಸಗಿ ಟೂರ್ನಿಯ ಆಯೋಜಕ ಕೊಟ್ಟ ಬಣ್ಣದ ಸರ್ಟಿಫಿಕೇಟ್ ಈ ನಾಲ್ಕರಲ್ಲಿ ಯಾವುದೂ ಅಲ್ಲ. ಇದರರ್ಥ, ವಿದೇಶದಲ್ಲಿ ‘ಚಿನ್ನ’ ಗೆದ್ದ ಹುಡುಗನಿಗಿಂತ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಪರ ಅಂತರ ವಿವಿ ಟೂರ್ನಿ ಆಡಿದ ಹುಡುಗನ ಕಾಗದಕ್ಕೆ ನೇಮಕಾತಿಯಲ್ಲಿ ಹೆಚ್ಚು ತೂಕ. ಹಣ ಕಟ್ಟೋ ಮುಂಚೆ ಇದನ್ನ ಯಾರಾದರೂ ಮನೆಯವರಿಗೆ ಹೇಳಬೇಕು.

ನಮ್ಮ ಜಿಲ್ಲೆಯ ದಾರಿ ಯಾಕೆ ಉದ್ದ?

ಕ್ಲಬ್ ಫುಟ್‌ಬಾಲ್‌ನಲ್ಲಿ ಕರ್ನಾಟಕ ಅಂದ್ರೆ ಬಹುಮಟ್ಟಿಗೆ ಬೆಂಗಳೂರು. ರಾಜ್ಯದ ಪ್ರಮುಖ ಲೀಗ್ ಪಂದ್ಯಗಳು ನಡೆಯೋದು ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಶಿವಮೊಗ್ಗದಿಂದ ಅಲ್ಲಿಗೆ ಸುಮಾರು 300 ಕಿಲೋಮೀಟರ್. 14 ವರ್ಷದ ಹುಡುಗಿ ವಾರಕ್ಕೊಂದು ಪಂದ್ಯ ಆಡೋಕೆ ಅಷ್ಟು ದೂರ ಹೋಗಿಬರೋಕೆ ಆಗುತ್ತಾ?

ಶಾಲಾ ಕ್ರೀಡಾಕೂಟದ ದಾರಿ ಹಿಡಿದರೂ ಕಷ್ಟ ತಪ್ಪಲ್ಲ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲುಗಳಿವೆ. ಶಿವಮೊಗ್ಗ ಜಿಲ್ಲೆ ಸೇರೋದು ಬೆಂಗಳೂರು ವಿಭಾಗಕ್ಕೆ. ಅಂದ್ರೆ ಭದ್ರಾವತಿಯ ಸರ್ಕಾರಿ ಶಾಲೆಯ ಮಕ್ಕಳು ರಾಜ್ಯಮಟ್ಟ ತಲುಪೋಕೆ ಮುಂಚೆಯೇ, ವೃತ್ತಿಪರ ಅಕಾಡೆಮಿಗಳಲ್ಲಿ ಕಲಿಯೋ ರಾಜಧಾನಿಯ ಮಕ್ಕಳನ್ನ ದಾಟಬೇಕು.

ಇನ್ನೊಂದು ದಾರಿ ಕಾರ್ಖಾನೆಗಳದ್ದಾಗಿತ್ತು. ಕರ್ನಾಟಕದ ಫುಟ್‌ಬಾಲ್ ಅನ್ನ ದಶಕಗಳ ಕಾಲ ಹೊತ್ತವು ಸಾರ್ವಜನಿಕ ವಲಯದ ಉದ್ದಿಮೆಗಳು. ಎಚ್‌ಎಎಲ್, ಐಟಿಐ ತಂಡಗಳು ಆಟಗಾರರಿಗೆ ಸಂಬಳದ ಕೆಲಸ ಕೊಟ್ಟವು. ಎಚ್‌ಎಎಲ್ 2011-12ರಲ್ಲಿ ಆಗಿನ ದೇಶದ ಉನ್ನತ ಲೀಗ್ ಆದ ಐ-ಲೀಗ್‌ನಲ್ಲಿ ಆಡುತ್ತಿತ್ತು. ಭದ್ರಾವತಿಯೂ ಕಾರ್ಖಾನೆಯ ಊರೇ. 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1936ರ ಕಾಗದ ಕಾರ್ಖಾನೆ ಈ ಊರು ಕಟ್ಟಿದವು. ಕ್ರಿಕೆಟ್‌ನ ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಇಲ್ಲೇ. ಈಗ ಎಂಪಿಎಂನಲ್ಲಿ ಉತ್ಪಾದನೆ ನಿಂತು ವರ್ಷಗಳೇ ಆದವು. ವಿಐಎಸ್‌ಎಲ್ ಮುಚ್ಚೋದು ಅಂತ 2023ರ ಜನವರಿಯಲ್ಲಿ ಸೈಲ್ ತೀರ್ಮಾನಿಸಿತು. ಕಾರ್ಮಿಕರ ಹೋರಾಟದ ನಂತರ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಕಾರ್ಖಾನೆ ಸೊರಗಿದಾಗ ಸಂಬಳ ಮಾತ್ರ ಹೋಗಲ್ಲ. ಸಂಜೆ ಪಾಳಿ ಮುಗಿಸಿ ಮಕ್ಕಳಿಗೆ ಆಟ ಕಲಿಸುವ ಹಿರಿಯರು, ಶೂ ಕೊಡಿಸುವ ಕೈಗಳು, ‘ಚೆನ್ನಾಗಿ ಆಡಿದ್ರೆ ಕೆಲಸ ಸಿಗುತ್ತೆ’ ಅನ್ನೋ ಭರವಸೆ ಎಲ್ಲವೂ ಕರಗುತ್ತವೆ. ಆ ಖಾಲಿ ಜಾಗಕ್ಕೇ ‘ಹಣ ಕಟ್ಟಿ, ವಿದೇಶದಲ್ಲಿ ಆಡಿಸ್ತೀವಿ’ ಅನ್ನೋರು ಬರ್ತಾರೆ.

ಹಣ ಕಟ್ಟೋ ಮುಂಚೆ ಕೇಳಿ

- ಕರೆದುಕೊಂಡು ಹೋಗುವ ಸಂಸ್ಥೆ ಎಐಎಫ್‌ಎಫ್‌ ಅಥವಾ ರಾಜ್ಯ ಸಂಸ್ಥೆಯ ಸದಸ್ಯನಾ? ಕೇಂದ್ರ ಕ್ರೀಡಾ ಸಚಿವಾಲಯ ಮಾನ್ಯತೆ ಪಡೆದ ಫೆಡರೇಷನ್‌ಗಳ ಪಟ್ಟಿಯನ್ನ ಪ್ರಕಟಿಸುತ್ತೆ. ಫುಟ್‌ಬಾಲ್‌ಗೆ ಅದರಲ್ಲಿರೋದು ಎಐಎಫ್‌ಎಫ್.
- ಮಗುವಿಗೆ ಎಐಎಫ್‌ಎಫ್‌ನ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ, ಅಂದ್ರೆ ಸಿಆರ್‌ಎಸ್‌ನಲ್ಲಿ ಐಡಿ ಇದೆಯಾ? ಇಲ್ಲದಿದ್ದರೆ ಅಧಿಕೃತ ಫುಟ್‌ಬಾಲ್‌ನ ಕಣ್ಣಿಗೆ ಆ ಆಟಗಾರ ಇಲ್ಲವೇ ಇಲ್ಲ.
- ಟೂರ್ನಿಯಲ್ಲಿ ಆಡುವ ಬೇರೆ ತಂಡಗಳ ಪಟ್ಟಿ, ಪಂದ್ಯಗಳ ವೇಳಾಪಟ್ಟಿ ಎಲ್ಲಿ?
- ಶುಲ್ಕದಲ್ಲಿ ಟಿಕೆಟ್‌ಗೆಷ್ಟು, ಊಟ-ವಸತಿಗೆಷ್ಟು, ವಿಮೆ ಇದೆಯಾ? ರಸೀದಿ ಕೊಡ್ತಾರಾ?
- ಜೊತೆಗೆ ಯಾರು ಹೋಗ್ತಾರೆ? ಹುಡುಗಿಯರ ತಂಡವಾದರೆ ಮಹಿಳಾ ಸಿಬ್ಬಂದಿ ಇದಾರಾ?
- ‘ಅಲ್ಲಿ ಆಡಿದರೆ ವಿದೇಶಿ ಕ್ಲಬ್ ಸೈನ್ ಮಾಡುತ್ತೆ’ ಅಂದ್ರೆ ಎಚ್ಚರ. 18 ತುಂಬದ ಆಟಗಾರರ ಅಂತಾರಾಷ್ಟ್ರೀಯ ವರ್ಗಾವಣೆಯನ್ನ ಫಿಫಾ ನಿಯಮದ 19ನೇ ವಿಧಿ ನಿಷೇಧಿಸುತ್ತೆ. ವಿನಾಯಿತಿಗಳು ಕೆಲವೇ ಕೆಲವು.

ದಾಖಲೆಗಳ ಕೆಲಸವನ್ನೂ ಬೇಗ ಶುರು ಮಾಡಬೇಕು. 2013ರಲ್ಲಿ ಜಾರ್ಖಂಡ್‌ನ ಯುವಾ ಸಂಸ್ಥೆಯ ಹಳ್ಳಿ ಹುಡುಗಿಯರು ಸ್ಪೇನ್‌ಗೆ ಹೋಗಿ ಗಾಸ್ಟೈಸ್ ಕಪ್‌ನಲ್ಲಿ ಮೂರನೇ ಸ್ಥಾನ ಪಡೆದರು. ಪಾಸ್‌ಪೋರ್ಟ್‌ಗೆ ಬೇಕಾದ ಜನನ ಪ್ರಮಾಣಪತ್ರ ಕೇಳಲು ಹೋದಾಗ ಪಂಚಾಯಿತಿ ಕಚೇರಿಯಲ್ಲಿ ತಮ್ಮ ಕೈಲಿ ನೆಲ ಗುಡಿಸಿದರು ಅಂತ ಆ ಹುಡುಗಿಯರೇ ಹೇಳಿದ್ದು ಆಗ ದೇಶದ ಸುದ್ದಿಯಾಗಿತ್ತು. ಬಡ ಮಕ್ಕಳಿಗೆ ಮೊದಲ ಎದುರಾಳಿ ಸಿಗೋದು ಮೈದಾನದಲ್ಲಲ್ಲ, ಕಚೇರಿಯ ಕೌಂಟರ್‌ನಲ್ಲಿ.

ಕ್ಲಬ್‌ಗಳಿಗೂ ಒಂದು ಮಾತು

ನೋಂದಣಿ ಬರೀ ಕಾಗದದ ತಲೆನೋವಲ್ಲ, ಅದರಲ್ಲಿ ಹಕ್ಕಿದೆ. ಆಟಗಾರ ಮುಂದೆ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಹಣಕ್ಕೆ ವರ್ಗಾವಣೆಯಾದರೆ, ಆ ಮೊತ್ತದ ಶೇ. 5ರಷ್ಟು 12ರಿಂದ 23ರ ವಯಸ್ಸಿನಲ್ಲಿ ಅವನನ್ನ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು ಅನ್ನುತ್ತೆ ಫಿಫಾ ನಿಯಮ. 12ರಿಂದ 15ರ ವಯಸ್ಸಿನ ಪ್ರತಿ ವರ್ಷಕ್ಕೆ ಶೇ. 0.25, ನಂತರದ ಪ್ರತಿ ವರ್ಷಕ್ಕೆ ಶೇ. 0.5. ವರ್ಗಾವಣೆ ಮೊತ್ತ 1 ಕೋಟಿ ಅಂದುಕೊಳ್ಳಿ. ಆ ಮೊದಲ ನಾಲ್ಕು ವರ್ಷ ಅವನು ಭದ್ರಾವತಿಯ ಕ್ಲಬ್‌ನಲ್ಲಿ ನೋಂದಾಯಿತನಾಗಿದ್ದರೆ ಕ್ಲಬ್‌ಗೆ 1 ಲಕ್ಷ ಸೇರಬೇಕು. ಒಂದು ಬಡ ಕ್ಲಬ್‌ಗೆ ಅದು ಚೆಂಡು, ಬಲೆ, ಶೂಗಳ ಖರ್ಚು. ನೋಂದಣಿ ಇಲ್ಲದಿದ್ದರೆ ಸಾಕ್ಷಿಯೂ ಇಲ್ಲ.

ಹಾಗಾದ್ರೆ ನಾವು ಕೇಳಬೇಕಾದ್ದೇನು?

ಮಕ್ಕಳು ವಿದೇಶಕ್ಕೆ ಹೋಗಬಾರದು ಅಂತ ನಾನು ಹೇಳ್ತಿಲ್ಲ. ಹೋಗಲಿ, ಗೋಥಿಯಾದಲ್ಲಿ ಶಿವಮೊಗ್ಗದ ಕ್ಲಬ್ ಆಡಲಿ. ಆದ್ರೆ ಐದು ದಿನದ ಟೂರ್ನಿಗಿಂತ ಆಟಗಾರನನ್ನ ಬೆಳೆಸೋದು ಊರಲ್ಲೇ ವರ್ಷಪೂರ್ತಿ ಸಿಗುವ ಪಂದ್ಯಗಳು. ಲೆಕ್ಕ ಸರಳ. 16 ತಂಡಗಳ ನಾಕೌಟ್ ಟೂರ್ನಿಯಲ್ಲಿ 8 ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಅದೇ 8 ತಂಡಗಳ ಲೀಗ್ ಮಾಡಿ, ಎಲ್ಲರೂ ಎಲ್ಲರ ಜೊತೆ ಎರಡು ಸಲ ಆಡಿದರೆ ಪ್ರತಿ ತಂಡಕ್ಕೆ 14 ಪಂದ್ಯ. ಶಿವಮೊಗ್ಗ-ಭದ್ರಾವತಿ ನಡುವೆ ಇರೋದು 20 ಕಿಲೋಮೀಟರ್ ಆಸುಪಾಸು. ಎರಡೂ ಊರು ಸೇರಿದರೆ ವಾರಾಂತ್ಯದ ಲೀಗ್‌ಗೆ ಬಸ್ ಚಾರ್ಜ್ ಸಾಕು.

ಹಾಗಾಗಿ ಮುಂದಿನ ಸಲ ಸನ್ಮಾನ ಸಮಾರಂಭಕ್ಕೆ ಶಾಸಕರೋ ಸಂಸದರೋ ಬಂದಾಗ ಮೂರು ವಿಷಯ ಕೇಳೋಣ. ಅಂಡರ್-13, ಅಂಡರ್-15, ಅಂಡರ್-17 ಹುಡುಗ-ಹುಡುಗಿಯರಿಗೆ ಜಿಲ್ಲಾ ಲೀಗ್ ಯಾವಾಗ? ವಿಐಎಸ್‌ಎಲ್, ಎಂಪಿಎಂ ಜಾಗದ ಮುಂದಿನ ಬಳಕೆಯ ಮಾತು ಬಂದಾಗ ಆಟದ ಮೈದಾನ ಸಾರ್ವಜನಿಕರಿಗೇ ಉಳಿಯುತ್ತಾ? ಅಧಿಕೃತವಾಗಿ ಆಯ್ಕೆಯಾದ ಮಗುವಿನ ಪ್ರಯಾಣದ ಖರ್ಚನ್ನ ಇಲಾಖೆ ಹೊರಡುವ ಮುಂಚೆಯೇ ಕೊಡುತ್ತಾ? ಬಾಯಿಮಾತಿನ ಉತ್ತರಕ್ಕೆ ಸುಮ್ಮನಾಗಬೇಡಿ. ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕಳೆದ ಐದು ವರ್ಷಗಳಲ್ಲಿ ಫುಟ್‌ಬಾಲ್‌ಗೆ ಎಷ್ಟು ಖರ್ಚು ಮಾಡಿದೆ, ಯಾವುದಕ್ಕೆ ಮಾಡಿದೆ ಅಂತ ಒಂದು ಆರ್‌ಟಿಐ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ.