ಅಸ್ಸೀಸಿಯ ಸಂತನ ಸೂರ್ಯಗೀತೆ

ಕಣ್ಣಿಗೆ ಹಿತವಾದುದನ್ನು ಕಂಡಾಗ ದೇವರನ್ನು ಕೊಂಡಾಡುವುದು ನಮಗೆಲ್ಲ ಸುಲಭ. ಕಾಣುವ ಶಕ್ತಿಯೇ ಕುಂದಿದಾಗ ಏನು ಮಾಡುವೆವು? ಇಟಲಿಯ ಅಸ್ಸೀಸಿ ಪಟ್ಟಣದ ಸಂತ ಫ್ರಾನ್ಸಿಸನ ಚರಿತ್ರೆಯಲ್ಲಿ ಇದಕ್ಕೆ ಉತ್ತರವುಂಟು.

ಬಟ್ಟೆಯ ವರ್ತಕನ ಮಗನಾಗಿ ಹುಟ್ಟಿ, ಸಿರಿಯನ್ನು ತೊರೆದು ಬಡತನವನ್ನು ವರಿಸಿದ ಈ ಮಹನೀಯನು 1225ರಲ್ಲಿ, ತಾನೇ ಹಿಂದೆ ಜೀರ್ಣೋದ್ಧಾರ ಮಾಡಿದ್ದ ಸಾನ್ ದಾಮಿಯಾನೋ ದೇವಾಲಯದ ಬಳಿ ರೋಗಪೀಡಿತನಾಗಿ ಮಲಗಿದ್ದನು. ನೇತ್ರವ್ಯಾಧಿಯಿಂದ ಹಗಲಿನ ಬಿಸಿಲನ್ನಾಗಲಿ ಇರುಳಿನ ಬೆಂಕಿಯ ಬೆಳಕನ್ನಾಗಲಿ ಸಹಿಸಲಾರದವನಾಗಿದ್ದನು. ಆ ದಿನಗಳಲ್ಲಿಯೇ ಆತನು ತನ್ನ ಸೃಷ್ಟಿಗೀತೆಯನ್ನು ರಚಿಸಿದನು. ಅದೂ ಪಂಡಿತರ ಲ್ಯಾಟಿನ್ನಿನಲ್ಲಲ್ಲ, ಉಂಬ್ರಿಯ ಪ್ರಾಂತದ ಜನರ ಆಡುಮಾತಿನಲ್ಲಿ. ಇಟಲಿಯ ಸಾಹಿತ್ಯದ ಅತಿ ಪ್ರಾಚೀನ ಕೃತಿಗಳಲ್ಲಿ ಅದೊಂದು.

ಅದರಲ್ಲಿ ಸೂರ್ಯನೂ ಗಾಳಿಯೂ ಅಗ್ನಿಯೂ ಸೋದರರು. ಚಂದ್ರತಾರೆಗಳೂ ನೀರೂ ಸೋದರಿಯರು. ಭೂಮಿಯು ಸೋದರಿಯೂ ಹೌದು, ತಾಯಿಯೂ ಹೌದು. ಆದರೂ ಫ್ರಾನ್ಸಿಸನು ಸೂರ್ಯನನ್ನು ಪೂಜಿಸಲಿಲ್ಲ. ಸೂರ್ಯನನ್ನು ಸೃಷ್ಟಿಸಿದಾತನನ್ನು ಸ್ತುತಿಸಿದನು. 1226ರಲ್ಲಿ ಅಂತ್ಯಕಾಲವು ಸಮೀಪಿಸಲು, ಮರಣವನ್ನೂ ಸೋದರಿಯೆಂದು ಕರೆದು ಗೀತೆಗೆ ಇನ್ನೊಂದು ಚರಣವನ್ನು ಸೇರಿಸಿದನು.

ತನ್ನನ್ನು ನೋಯಿಸಿದ ಬೆಳಕಿಗಾಗಿಯೇ ದೇವರನ್ನು ವಂದಿಸಿದವನು ಈತನು. ಪ್ರಕೃತಿಯ ಚೆಲುವು ನಮಗೆ ಸಲ್ಲಬೇಕಾದ ಋಣವಲ್ಲ, ಬೇಡದೆ ಬಂದ ದಾನವೆಂಬುದನ್ನು ಈ ಗೀತೆಯು ನಮಗೆ ನೆನಪಿಸುತ್ತದೆ.