ವೃತ್ತಿ ಪ್ರಮಾಣಪತ್ರ: ರಾಮಸಮುದ್ರದ ಯುವಜನರಿಗೆ ಏಕೆ ಬೇಕು?

ಯಾದಗಿರಿ ತಾಲ್ಲೂಕಿನ ರಾಮಸಮುದ್ರದಂಥ ಊರುಗಳಲ್ಲಿ ತೊಗರಿ, ಹತ್ತಿಯ ಸುಗ್ಗಿ ಮುಗಿದರೆ ದುಡಿಯುವ ಕೈಗಳಿಗೆ ಕೆಲಸ ಕಡಿಮೆ. ಈ ಭಾಗದಿಂದ ಅನೇಕ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆಗಳಿಗೆ ಗುಳೆ ಹೋಗುತ್ತವೆ. ನಮ್ಮ ಕರಾವಳಿಯ ಕಟ್ಟಡ ಕೆಲಸಗಳಲ್ಲೂ ಉತ್ತರ ಕರ್ನಾಟಕದ ಬಂಧುಗಳನ್ನು ನಾವು ದಿನವೂ ಕಾಣುತ್ತೇವೆ. ಗಾರೆ, ವೆಲ್ಡಿಂಗ್, ವೈರಿಂಗ್ ಚೆನ್ನಾಗಿ ಬಲ್ಲವರು ಅವರಲ್ಲಿದ್ದಾರೆ. ಆದರೆ ಹೊಸ ಊರಿನಲ್ಲಿ ಅವರ ಕೈಗುಣ ಬಲ್ಲವರಿಲ್ಲ, ತೋರಿಸಲು ಕಾಗದವೂ ಇಲ್ಲ. ಹೀಗಾಗಿ ಕೆಲಸ ಬಲ್ಲವನೂ ಹೆಲ್ಪರ್ ಕೂಲಿಗೆ ನಿಲ್ಲಬೇಕಾಗುತ್ತದೆ. ಈ ಹಿನ್ನೆಲೆಯಲ್ಲಿ ಮುಖ್ಯವಾದ ಕೆಲವು ಪ್ರಮಾಣಪತ್ರಗಳ ಮಾಹಿತಿಯನ್ನು ಇಲ್ಲಿ ನೀಡುತ್ತಿದ್ದೇವೆ.

ಐಟಿಐ ಮತ್ತು ಅಪ್ರೆಂಟಿಸ್

ಐಟಿಐ ಪೂರೈಸಿ ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಸಿಗುತ್ತದೆ. ಇದಕ್ಕೆ ದೇಶದಾದ್ಯಂತ ಮಾನ್ಯತೆಯಿದೆ. ಎಲೆಕ್ಟ್ರೀಷಿಯನ್, ಫಿಟ್ಟರ್ ತರಬೇತಿ ಎರಡು ವರ್ಷ. ವೆಲ್ಡರ್ ಒಂದು ವರ್ಷ. ಅನಂತರ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆಯುತ್ತಾ ಅನುಭವ ಗಳಿಸಬಹುದು. ಯಾದಗಿರಿ ತಾಲ್ಲೂಕಿನಲ್ಲೇ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶವಿದೆ. ತಮ್ಮ ನೆಲದಲ್ಲೇ ಎದ್ದ ಕಾರ್ಖಾನೆಯಲ್ಲಿ ನಮ್ಮ ಮಕ್ಕಳು ಲೋಡಿಂಗ್ ಕೆಲಸಕ್ಕಷ್ಟೇ ಸೀಮಿತರಾಗಬಾರದು ಎಂದಾದರೆ ಈ ದಾರಿ ತಿಳಿದಿರಬೇಕು.

ಕೆಲಸ ಬಲ್ಲವರಿಗೆ

ಶಾಲೆ ಬಿಟ್ಟು ಕೆಲಸದಲ್ಲೇ ಕಲಿತವರಿಗೂ ಅವಕಾಶವಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ 'ಪೂರ್ವ ಕಲಿಕೆಯ ಮಾನ್ಯತೆ' ಎಂಬ ಭಾಗವಿದೆ. ಈಗಾಗಲೇ ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ಇದರ ಉದ್ದೇಶ. ವೈರಿಂಗ್ ಮಾಡುವವರು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ಪಡೆಯುವುದು ಒಳ್ಳೆಯದು.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡನ್ನು ಇದರೊಂದಿಗೆ ಬೆರೆಸಬಾರದು. ಆ ಕಾರ್ಡು ಸೌಲಭ್ಯಗಳಿಗೆ ಬೇಕು, ಆದರೆ ಅದು ಕೌಶಲದ ಪುರಾವೆಯಲ್ಲ.

ಹಣ ಕಟ್ಟುವ ಮುನ್ನ

ಕೆಲವು ವೃತ್ತಿಗಳಲ್ಲಿ ಸರ್ಟಿಫಿಕೇಟಿನ ಜೊತೆ ನೋಂದಣಿಯೂ ಕಡ್ಡಾಯ. ದಾದಿಯರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ, ಫಾರ್ಮಸಿಸ್ಟರು ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಮಾನ್ಯತೆಯಿಲ್ಲದ ಕಾಲೇಜಿನಲ್ಲಿ ಮೂರು ವರ್ಷ ಓದಿದರೂ ನೋಂದಣಿ ಸಿಗದು. ಸಾಲ ಮಾಡಿ ಫೀಸು ಕಟ್ಟಿದ ತಂದೆತಾಯಿಗೆ ಅದು ತುಂಬಲಾರದ ನಷ್ಟ. ಆದ್ದರಿಂದ ಏಜೆಂಟರ ಮಾತು ನಂಬದೆ, ಮಾನ್ಯತೆಯನ್ನು ಕೌನ್ಸಿಲ್‌ನಲ್ಲೇ ವಿಚಾರಿಸಿರಿ. ಪರೀಕ್ಷೆಯಿಲ್ಲದೆ ಹಣಕ್ಕೆ ಸರ್ಟಿಫಿಕೇಟು ಕೊಡುವವರಿಂದ ದೂರವಿರಿ.

ಎಸ್ಸೆಸ್ಸೆಲ್ಸಿಯನ್ನು ಕಡೆಗಣಿಸಬೇಡಿ. ಅದು ಪಾಸಾಗಿದ್ದರೆ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವಾಗ ವಲಸೆ ಅನುಮತಿಯ ಮುದ್ರೆ ಬೇಕಿಲ್ಲದ ಪಾಸ್‌ಪೋರ್ಟ್ ಸಿಗುತ್ತದೆ. ಯಾದಗಿರಿ ಜಿಲ್ಲೆಯವರಿಗೆ ಸಂವಿಧಾನದ 371(ಜೆ) ವಿಧಿಯಡಿ ಶಿಕ್ಷಣ ಹಾಗೂ ಸರ್ಕಾರಿ ಉದ್ಯೋಗದಲ್ಲಿ ಮೀಸಲಾತಿಯಿದೆ. ಅದರ ಅರ್ಹತಾ ಪತ್ರವನ್ನೂ ಮೊದಲೇ ಮಾಡಿಸಿಡಿ.

ಧರ್ಮಕೇಂದ್ರಗಳು ಏನು ಮಾಡಬಹುದು?

ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಕೆಲಸ ಖಚಿತವಲ್ಲ. ಬಾಗಿಲು ತೆರೆಯುವುದು ಕಾಗದ, ಒಳಗೆ ಉಳಿಸುವುದು ದುಡಿಮೆ ಮತ್ತು ಪ್ರಾಮಾಣಿಕತೆ. ಆದರೂ ಬಾಗಿಲೇ ತೆರೆಯದಿದ್ದರೆ ದುಡಿಮೆ ತೋರಿಸುವುದೆಲ್ಲಿ?

ಯಾದಗಿರಿ ಜಿಲ್ಲೆ 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿದೆ. ಅದರ ಮೊದಲ ಧರ್ಮಾಧ್ಯಕ್ಷರಾದ ವಂದನೀಯ ರಾಬರ್ಟ್ ಮಿರಾಂದಾ ಕರಾವಳಿಯವರು. ಹೀಗೆ ಆ ಬಯಲುಸೀಮೆಗೂ ನಮಗೂ ನಂಟಿದೆ. ಅಲ್ಲಿಂದ ದುಡಿಯಲು ಬಂದವರು ಯಾವ ಮತದವರೇ ಆಗಿರಲಿ, ಅರ್ಜಿ ತುಂಬಲು, ಅಂಕಪಟ್ಟಿಗಳನ್ನು ಡಿಜಿಲಾಕರ್‌ನಲ್ಲಿ ಇಡಲು ನಮ್ಮ ಯುವಜನರು ನೆರವಾಗಬಹುದು. ಭಾನುವಾರದ ಪೂಜೆಯ ನಂತರ ಒಂದು ಗಂಟೆ ಇದಕ್ಕೆ ಸಾಕು. ಮನೆ ಕಟ್ಟಿಸುವ ನಾವು ಕೆಲಸ ಬಲ್ಲವನಿಗೆ ಆ ಕೆಲಸಕ್ಕೆ ತಕ್ಕ ಕೂಲಿ ಕೊಡುವುದೂ ಅಷ್ಟೇ ಮುಖ್ಯ.

ಪೋಪ್ ಹದಿಮೂರನೇ ಲಿಯೋ 1891ರ ವಿಶ್ವಪತ್ರದಲ್ಲಿ ಕಾರ್ಮಿಕನ ನ್ಯಾಯವಾದ ಕೂಲಿಯನ್ನು ಎತ್ತಿಹಿಡಿದರು. 1955ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನಾಗಿ ಸಾರಿದರು. ನಜರೇತಿನ ಆ ಬಡಗಿಯ ಹೆಸರಿನಲ್ಲಿ, ಕೈಕೆಲಸ ಬಲ್ಲ ಒಬ್ಬ ಯುವಕನಿಗೋ ಯುವತಿಗೋ ಈ ವರ್ಷ ಪ್ರಮಾಣಪತ್ರ ಸಿಗುವಂತೆ ನೆರವಾಗೋಣ.